ಕಾಫಿ ತೂಗುವ ಸ್ಕೇಲ್ ಮೇಲೆ ವಿಮಾನ

ಇವತ್ತು ಚಿಕ್ಕಮಗಳೂರಿನ ಗೋಡೌನಿನಿಂದ ಕಾಫಿ ಮೂಟೆ ತೂಗುವ ಮೂರು ಸ್ಕೇಲ್ ತಂದು ನಮ್ಮ ಪುಟ್ಟ ವಿಮಾನದ ಮೂರು ಚಕ್ರಗಳ ಕೆಳಗೆ ಇಟ್ಟೆವು. ಬಾಲದ ಕಡೆ ಸ್ಟೂಲ್ ಕೊಟ್ಟು ಎತ್ತಿ, ರಸಮಟ್ಟ ಇಟ್ಟು ಸಮ ಮಾಡುವಷ್ಟರಲ್ಲೇ ಅರ್ಧ ದಿನ ಹೋಯ್ತು.

ಎಡ 124 ಕೆಜಿ, ಬಲ 126. ಸ್ಟೂಲ್ ತೂಕ ಕಳೆದು ಬಾಲ 19.

ಹೋದ ಸಲ ಬಾಲದ ಭಾರ ಜಾಸ್ತಿ ಇತ್ತು. ಅದಕ್ಕೇ ಸೀಟಿನ ಹಿಂದಿದ್ದ 6 ಕೆಜಿ ಬ್ಯಾಟರಿಯನ್ನು ಒಂದೂವರೆ ಮೀಟರ್ ಮುಂದೆ, ಎಂಜಿನ್ ಹತ್ತಿರ ತಂದಿದ್ದೆ. ತೂಕದ ಕೇಂದ್ರ ಮುಂದೆ ಬಂದಿದ್ದು ಬರೀ 3 ಸೆಂಟಿಮೀಟರ್ ಚಿಲ್ಲರೆ. ಬರೀ ಅಂದೆ, ಆದರೆ ಬಾಲ ಭಾರವಾದ ವಿಮಾನ ಮೂಗೆತ್ತಿ ವೇಗ ಕಳೆದುಕೊಂಡರೆ ಮತ್ತೆ ಮೂಗು ಇಳಿಸೋದು ಕಷ್ಟ, ಅಷ್ಟಕ್ಕೇ ಎರಡು ವಾರ ಕೂತು ವೈರ್ ಎಳೆದಿದ್ದೇನೆ.

ಹಾರೋದು ಇನ್ನೂ ದೂರ. ವಿಮಾನ ಹಾರಾಟ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಅನುಮತಿ ಬೇಕು, ಅದು ಬೇರೆ ಕಥೆ ಬಿಡಿ. 1903ರಲ್ಲಿ ರೈಟ್ ಸಹೋದರರ ಮೊದಲ ಹಾರಾಟ 12 ಸೆಕೆಂಡ್, 120 ಅಡಿ ಅಷ್ಟೇ ಅಲ್ವಾ? ನಮ್ಮ ಕಾಫಿ ಕಣ ಅದಕ್ಕಿಂತ ಉದ್ದ ಇದೆ. ಸುಮ್ನೆ ಹೆಜ್ಜೆ ಹಾಕಿ ಅಳೆದು ಬಂದೆ.

ಪೈಲಟ್ ತೂಕ ಸೇರಿಸಿ ನೋಡೋಕೆ ಅಪ್ಪನನ್ನು ಕೂರಿಸಿದೆ. "ಒಂದೂವರೆ ಮೂಟೆ ಇದೀನಲ್ಲೋ" ಅಂದರು. ಲೆಕ್ಕ ಬರೆದು ಅರ್ಧ ಗಂಟೆ ಆಯ್ತು, ಇನ್ನೂ ಇಳಿದಿಲ್ಲ.