ಇನ್ನೆಷ್ಟು ದಿನ ರಜೆ ಸಿಗುತ್ತೆ?

"ಮೇಡಂ, ಹೆರಿಗೆ ರಜೆ ಮುಗೀತು. ಇನ್ನೆಷ್ಟು ದಿನ ಹಾಕಬಹುದು?" ಬೆಂಗಳೂರಿನ ಕಂಪನಿಗಳಲ್ಲಿ ಹದಿನಾಲ್ಕು ವರ್ಷದಿಂದ ಎಚ್‌ಆರ್ ಕೆಲಸ ಮಾಡುವ ನನಗೆ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಎದುರಾಗುತ್ತದೆ. ದಿನ ಎಷ್ಟು ಅನ್ನೋದು ಆಮೇಲೆ ಇರಲಿ, ಒಂದು ದಿನವನ್ನು ಎಷ್ಟು ಚೂರು ಮಾಡಿಕೊಳ್ಳಲು ಬಿಡುತ್ತಾರೆ ಅಂತ ಮೊದಲು ಕೇಳಿ ಅನ್ನುತ್ತೇನೆ.

ಮಗುವಿಗೆ ಲಸಿಕೆ ಹಾಕಿಸಿ ಬರಲು ಎರಡು ಗಂಟೆ ಸಾಕು. ಮಾವನವರನ್ನು ಡಯಾಲಿಸಿಸ್‌ಗೆ ಬಿಡಲು ಒಂದು ಗಂಟೆ, ಕರೆತರಲು ಇನ್ನೊಂದು. ಮನೆಯ ಅಗತ್ಯಗಳು ಹೀಗೆ ಗಂಟೆಗಳಲ್ಲೇ ಬರುತ್ತವೆ. ಅದಕ್ಕೆ ಪ್ರತಿ ಸಲ ಅರ್ಧ ದಿನ ರಜೆ ಬರೆಯಬೇಕಾದರೆ? ವಾರಕ್ಕೆರಡು ಡಯಾಲಿಸಿಸ್ ಅಂದರೂ ವಾರಕ್ಕೊಂದು ದಿನ ಹೋಯಿತು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಕಾಯಿಲೆ-ಕಸಾಲೆಗೆ ವರ್ಷಕ್ಕೆ ಸಿಗುವ 12 ದಿನ ಯುಗಾದಿ ಹೊತ್ತಿಗೇ ಖಾಲಿ.

ಕಾನೂನು ಮಾಡಿದವರಿಗೆ ಇದು ಹೊಳೆಯದ್ದಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದ್ದು ಎಲ್ಲರಿಗೂ ಗೊತ್ತು. ಆದರೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಕ್ರೆಶ್ (ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ) ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಕೆಲಸಕ್ಕೆ ಸೇರುವಾಗಲೇ ಈ ಸೌಲಭ್ಯಗಳನ್ನು ಬರೆದು ತಿಳಿಸಬೇಕು ಅಂತಲೂ ಇದೆ. ನಾನು ನೋಡಿದ ಆಫರ್ ಲೆಟರ್‌ಗಳಲ್ಲಿ ಈ ವಿಷಯ ಕಂಡಿದ್ದು ಬಹಳ ಕಡಿಮೆ.

ನಾನು ಕೆಲಸಕ್ಕೆ ಹೊಸಬಳಾಗಿದ್ದಾಗ ಎಂಟು ತಿಂಗಳ ಕೂಸಿನ ತಾಯಿಯೊಬ್ಬಳು ಬಂದಳು. ಮನೆ ಹತ್ತಿರವೇ ಇತ್ತು. ಮಧ್ಯಾಹ್ನ ಸ್ವಲ್ಪ ಹೊತ್ತು ಹೋಗಿ ಹಾಲು ಕೊಟ್ಟು ಬರುತ್ತೇನೆ ಅಂದಳು. ನಾನು ಅರ್ಧ ದಿನ ರಜೆ ಹಾಕಿಸಿದೆ. ರಜೆ ತೀರಿತು, ಸಂಬಳ ಕಟ್ ಆಯಿತು, ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟಳು. ಬಿಡುವಿನ ನಿಯಮ ನಾನು ಓದಿರಲೇ ಇಲ್ಲ. ಆ ತಪ್ಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸರ್ಕಾರಿ ಕೆಲಸದಲ್ಲೂ ಇದೇ ತೊಡಕು. ಮಕ್ಕಳ ಆರೈಕೆಗೆಂದು ಕೇಂದ್ರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ ರಜೆಯಿದೆ, ಒಂಟಿ ತಂದೆಯರಿಗೂ ಇದೆ. ನಿಜಕ್ಕೂ ದೊಡ್ಡ ಸೌಲಭ್ಯ. ಆದರೆ ಒಮ್ಮೆಗೆ ಐದು ದಿನಕ್ಕಿಂತ ಕಡಿಮೆ ಹಾಕುವಂತಿಲ್ಲ.

ಆದ್ದರಿಂದ ಇಂಟರ್‌ವ್ಯೂನಲ್ಲಿ ಸಂಕೋಚ ಬಿಟ್ಟು ಕೇಳಿ: ತಿಂಗಳಿಗೆ ಎಷ್ಟು ಗಂಟೆ ಪರ್ಮಿಷನ್, ಅಂದರೆ ರಜೆ ಹಾಕದೆ ಹೊರಗೆ ಹೋಗಿಬರಲು ಅನುಮತಿ? ಸಂಬಳ ಕಟ್ ಆಗುತ್ತಾ? ಮ್ಯಾನೇಜರ್ ಬೇಡ ಅಂದರೆ ಯಾರನ್ನು ಕೇಳಬೇಕು? ನನ್ನ ಈಗಿನ ಕಂಪನಿಯಲ್ಲಿ ಎಂಟು ಗಂಟೆ ಅಂತ ಬರೆಸಿದ್ದೇನೆ, ಕಾರಣ ಕೇಳುವ ಕಾಲಂ ತೆಗೆಸಿದ್ದೇನೆ. ಕಳೆದ ತಿಂಗಳು ಅದನ್ನು ಹೆಚ್ಚು ಬಳಸಿದವರು ಅಪ್ಪಂದಿರು.