ಎರೆಕ್ಥಿಯಾನ್ ಮಂಟಪದ ಮಾದರಿ: ಮೊದಲ ಸ್ತಂಭಕನ್ಯೆ ಸಿದ್ಧವಾದ ಹಂತ

ಅಥೆನ್ಸ್‌ನ ಎರೆಕ್ಥಿಯಾನ್ ದೇವಾಲಯದ ದಕ್ಷಿಣ ಮಂಟಪವನ್ನು 1:10 ಪ್ರಮಾಣದಲ್ಲಿ ರೂಪಿಸುವ ಕೆಲಸ ಈಗ ಮೊದಲ ಸ್ತಂಭಕನ್ಯೆಯ, ಅಂದರೆ ಕಂಬದ ಬದಲು ಚಾವಣಿ ಹೊತ್ತು ನಿಂತ ಆರು ಹೆಣ್ಣುಶಿಲ್ಪಗಳಲ್ಲಿ ಒಂದರ, ಜೇಡಿಮಣ್ಣಿನ ಮೂಲಪ್ರತಿಯವರೆಗೆ ಬಂದಿದೆ. ಕ್ರಿ.ಪೂ. 5ನೇ ಶತಮಾನದ ಅಮೃತಶಿಲೆಯ ಮೂಲ ಶಿಲ್ಪಗಳು ಸುಮಾರು 2.3 ಮೀಟರ್ ಎತ್ತರವಿರುವುದರಿಂದ ನನ್ನ ಮೂರ್ತಿ 23 ಸೆಂಟಿಮೀಟರ್ ಇದೆ.

ಮಂಟಪವನ್ನು ಎದುರಿನಿಂದ ನೋಡಿದರೆ ಎಡಬದಿಯ ಮೂವರು ಬಲಗಾಲಿನ ಮೇಲೂ ಬಲಬದಿಯ ಮೂವರು ಎಡಗಾಲಿನ ಮೇಲೂ ಭಾರ ಬಿಟ್ಟು ನಿಂತಿದ್ದಾರೆ; ಹೀಗಾಗಿ ಭಾರ ಹೊತ್ತ ಕಾಲು ಯಾವಾಗಲೂ ಹೊರಬದಿಗೇ ಬರುತ್ತದೆ. ಆ ಕಾಲಿನ ಮೇಲೆ ನೆರಿಗೆಗಳು ಕಂಬದ ಉದ್ದನೆಯ ತೋಡುಗಳಂತೆ ನೆಟ್ಟಗೆ ಇಳಿಯುತ್ತವೆ, ಬಾಗಿದ ಕಾಲಿನ ಮೇಲಾದರೆ ಬಟ್ಟೆ ಮೈಗೆ ಅಂಟಿಕೊಂಡು ಮೊಣಕಾಲಿನ ಉಬ್ಬನ್ನು ತೋರಿಸುತ್ತದೆ. ದುಂಡು ತುದಿಯ ಕಡ್ಡಿಯನ್ನು ಸೆರಗಿನಂಚಿನಿಂದ ಮೇಲಕ್ಕೆ, ಒತ್ತಡ ಕಡಿಮೆ ಮಾಡುತ್ತಾ ಎಳೆದಾಗ ಈ ತೋಡುಗಳು ಚೆನ್ನಾಗಿ ಮೂಡಿದವು.

ಹೆಚ್ಚು ಹೊತ್ತು ಹಿಡಿದದ್ದು ಕತ್ತು. ಚಾವಣಿಯ ಭಾರವೆಲ್ಲ ತಲೆಯ ಮೇಲಿನ ಬೋದಿಗೆಯಿಂದ ಕೆಳಗಿಳಿಯುವಾಗ ಇಡೀ ದೇಹದಲ್ಲಿ ಅತ್ಯಂತ ಸಪೂರವಾದ ಈ ಭಾಗವನ್ನೇ ಹಾದುಹೋಗಬೇಕು. ಶಿಲ್ಪಿ ಅಲ್ಲಿ ದಪ್ಪ ಜಡೆಯನ್ನು ಬೆನ್ನಿನವರೆಗೆ ಇಳಿಬಿಟ್ಟು, ಹೆಗಲ ಮುಂದಕ್ಕೂ ಕೂದಲನ್ನು ತಂದು, ಕತ್ತು ನಾಜೂಕಾಗಿ ಕಾಣುವಂತೆಯೇ ಅದರ ಸುತ್ತ ಕಲ್ಲನ್ನು ಉಳಿಸಿಕೊಂಡಿದ್ದಾನೆ. ನನ್ನ ದೃಷ್ಟಿಯಲ್ಲಿ ಈ ಶಿಲ್ಪಗಳ ಅತ್ಯುತ್ತಮ ಭಾಗ ಅವುಗಳ ಬೆನ್ನು; ಮಾದರಿಯಲ್ಲಿ ಅದು ಒಳಬದಿಗೆ ಹೋಗುವುದಾದರೂ ಜಡೆಯ ಒಂದೊಂದು ಹೆಣಿಗೆಯನ್ನೂ ಬಿಡದೆ ತಿದ್ದಿದ್ದೇನೆ.

ಮೂಲ ಶಿಲ್ಪಗಳ ತೋಳುಗಳು ಮುರಿದುಹೋಗಿವೆ. ಇಟಲಿಯ ಟಿವೊಲಿಯಲ್ಲಿರುವ ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಅರಮನೆಯಲ್ಲಿ ದೊರೆತ ರೋಮನ್ ಪ್ರತಿಗಳಲ್ಲಿ ಒಂದು ಕೈಯಲ್ಲಿ ತರ್ಪಣದ ಬಟ್ಟಲಿದ್ದು, ಇನ್ನೊಂದು ಕೈ ಉಡುಪನ್ನು ಹಗುರವಾಗಿ ಹಿಡಿದಿರುವುದರಿಂದ ನಾನೂ ಅದೇ ರೀತಿ ತೋಳುಗಳನ್ನು ಸೇರಿಸುತ್ತಿದ್ದೇನೆ. ಇಂದು ಮೂಲ ಕನ್ಯೆಯರಲ್ಲಿ ಐವರು ಅಥೆನ್ಸ್‌ನ ಅಕ್ರೊಪೊಲಿಸ್ ವಸ್ತುಸಂಗ್ರಹಾಲಯದಲ್ಲಿದ್ದಾರೆ. ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಸಾಗಿಸಿದ ಒಬ್ಬಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾಳೆ. ನನ್ನ ಮಂಟಪದಲ್ಲಿ ಆರೂ ಜನ ಒಟ್ಟಿಗೆ ನಿಲ್ಲಬೇಕೆಂಬುದು ಮೊದಲಿನಿಂದಲೂ ಇರುವ ಆಸೆ.

ಜಡೆಯ ಹಿಂದೆ ಅಚ್ಚು ಸಿಕ್ಕಿಕೊಳ್ಳುವ ಸಂದುಗಳಿರುವುದರಿಂದ ಮುಂದಿನ ಹಂತದಲ್ಲಿ ರಬ್ಬರ್ ಅಚ್ಚು ತೆಗೆದು, ತೋಳುಗಳನ್ನು ಪ್ರತ್ಯೇಕವಾಗಿ ಪ್ಲಾಸ್ಟರಿನಲ್ಲಿ ಎರಕ ಹೊಯ್ಯುತ್ತೇನೆ. ಎಡಗಾಲೂರಿದ ಕನ್ಯೆಗೆ ಬೇರೆಯೇ ಮೂಲಪ್ರತಿ ಬೇಕು; ಅದರ ತಂತಿಯ ಹಂದರವನ್ನು ಬಾಗಿಸಿಟ್ಟಾಗಿದೆ.