ದೆನ್‌ಪಸಾರ್‌ನಲ್ಲಿ ಅತ್ತೆಯ ಬಾಣಲೆ ವಿಚಾರಣೆ

ಬಾಲಿಗೆ ಹೊರಡುವ ಮುಂಚೆ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಅದು ಹಿಂದೂಗಳ ದ್ವೀಪ ಅಲ್ವಾ, ಊಟಕ್ಕೇನೂ ತೊಂದರೆ ಆಗಲ್ಲ ಬಿಡಿ." ಹೀಗೆ ಧೈರ್ಯ ಕೊಟ್ಟವರಲ್ಲಿ ಒಬ್ಬರೂ ಬಾಲಿ ನೋಡಿದವರಲ್ಲ. ಅಲ್ಲಿನ ಹಬ್ಬದೂಟದಲ್ಲಿ ದೊಡ್ಡ ಹೆಸರು ಬಾಬಿ ಗುಲಿಂಗ್. ಇಡೀ ಹಂದಿಗೆ ಮಸಾಲೆ ತುಂಬಿ ಬೆಂಕಿಯ ಮೇಲೆ ತಿರುಗಿಸಿ ತಿರುಗಿಸಿ ಸುಡುತ್ತಾರೆ. ಲಾವಾರ್ ಅಂತ ಇನ್ನೊಂದಿದೆ. ತರಕಾರಿ, ತೆಂಗಿನತುರಿ ನೋಡಿದರೆ ಪಲ್ಯ ಅನ್ನಿಸುತ್ತದೆ, ಆದರೆ ಅದಕ್ಕೆ ಕೊಚ್ಚಿದ ಮಾಂಸ, ಎಷ್ಟೋ ಕಡೆ ರಕ್ತವೂ ಬೀಳುತ್ತದೆ. ನನಗೂ ನನ್ನ ಗಂಡನಿಗೂ ಇದೆಲ್ಲ ನಡೆಯುತ್ತದೆ. ಆದರೆ ಜೊತೆಗೆ ಅತ್ತೆ ಇದ್ದರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಅತ್ತೆ.

ಅವರ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ನಿಪ್ಪಟ್ಟು ಎಲ್ಲ ಇತ್ತು. ತನಾಹ್ ಲೋಟ್‌ನಲ್ಲಿ ಸಮುದ್ರದ ನಡುವಿನ ಗುಡಿ ನೋಡಿದ್ದಾಯಿತು, ಉಲುವಾತುವಿನಲ್ಲಿ ಕೆಚಕ್ ಕುಣಿತ ನೋಡಿದ್ದಾಯಿತು. ಅವುಗಳ ಫೋಟೋ ನೀವು ಬೇಕಾದಷ್ಟು ನೋಡಿರುತ್ತೀರಿ, ನಾನು ಹೊಸದಾಗಿ ಹೇಳುವಂಥದ್ದೇನಿಲ್ಲ. ಅತ್ತೆ ಎರಡೂ ಕಡೆ ನಿಪ್ಪಟ್ಟು ತಿಂದರು.

ಕೂಟಾದಲ್ಲಿ ಆದದ್ದು ಮಾತ್ರ ಈಗಲೂ ಹೊಟ್ಟೆ ಉರಿಸುತ್ತದೆ. ಡಾಲರ್ ಬದಲಾಯಿಸಲು ನನ್ನ ಗಂಡ ಒಂದು ಓಣಿಯ ಅಂಗಡಿಗೆ ಹೋದರು. ಬೋರ್ಡಿನ ಮೇಲೆ ಎಲ್ಲರಿಗಿಂತ ಜಾಸ್ತಿ ರೇಟು, ಕಮಿಷನ್ ಇಲ್ಲ ಅಂತ ಬೇರೆ. ಒಳಗಿದ್ದವನು ನೋಟುಗಳನ್ನು ಇವರ ಎದುರಿಗೇ ಎಣಿಸಿದ, ಇವರೂ ಎಣಿಸಿದರು, ಸರಿ ಇತ್ತು. ಆಮೇಲೆ ಅವನು "ಒಂದ್ನಿಮಿಷ" ಅಂತ ಕಟ್ಟನ್ನು ವಾಪಸ್ ತಗೊಂಡು, ಮೇಜಿಗೆ ಕುಟ್ಟಿ ಜೋಡಿಸಿ ಕೊಟ್ಟ. ರೂಮಿಗೆ ಬಂದು ನೋಡಿದರೆ ಅಲ್ಲಿಯ ದುಡ್ಡು ನಾಲ್ಕು ಲಕ್ಷ ರುಪಿಯಾ ಕಮ್ಮಿ. ಮೇಜಿನ ಆಚೆ ಬದಿಗೆ ಉದುರಿಸಿಕೊಂಡಿದ್ದ. ನಮ್ಮ ಲೆಕ್ಕದಲ್ಲಿ ಎರಡು ಸಾವಿರದ ಆಸುಪಾಸು, ಆದರೂ ಸಿಟ್ಟು ಸಿಟ್ಟೇ. ಹೋಗುವವರು ನೆನಪಿಟ್ಟುಕೊಳ್ಳಿ: ಬ್ಯಾಂಕ್ ಇಂಡೋನೇಷ್ಯಾದ ಲೈಸೆನ್ಸ್ ಹಾಕಿರುವ, ಬಾಗಿಲು ಕೌಂಟರು ಇರುವ ಜಾಗಕ್ಕೇ ಹೋಗಿ. ನೋಟನ್ನು ಕೊನೆಗೆ ಎಣಿಸಿದವರು ನೀವೇ ಆಗಿರಬೇಕು. ಒಂದು ಸಲ ನಿಮ್ಮ ಕೈಗೆ ಬಂದ ಕಟ್ಟನ್ನು ಏನೇ ಹೇಳಿದರೂ ವಾಪಸ್ ಕೊಡಬೇಡಿ.

ಮಾರನೇ ದಿನ ಬಾಲಿಯ ರಾಜಧಾನಿ ದೆನ್‌ಪಸಾರ್‌ಗೆ ಹೋದೆವು. ಬಾಡುಂಗ್ ಮಾರ್ಕೆಟ್ಟಿನ ಪಕ್ಕದಲ್ಲೇ ಜಾಲನ್ ಸುಲಾವೆಸಿ ಅಂತ ಬಟ್ಟೆ ಅಂಗಡಿಗಳ ರಸ್ತೆ. ಅರಬ್ ಮೂಲದ ವ್ಯಾಪಾರಿಗಳು ಹಳೇ ಕಾಲದಿಂದ ಅಲ್ಲಿದ್ದಾರೆ. ಅತ್ತೆ ಅಲ್ಲಿ ಬಾತಿಕ್ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ, ಮಧ್ಯಾಹ್ನ ಮಾಡಿಬಿಟ್ಟರು. ಎಲ್ಲರಿಗೂ ಹಸಿವು. ನಮ್ಮ ಡ್ರೈವರ್ ಬಾಲಿಯ ಹಿಂದೂ, ಬೆಳಗಿನ ಪೂಜೆಯ ಅಕ್ಕಿಕಾಳು ಹಣೆಗೆ ಅಂಟಿಕೊಂಡೇ ಇತ್ತು. ತಾನು ದಿನಾ ಊಟ ಮಾಡುವ ಜಾಗ ಇದೆ, ಅಮ್ಮನಿಗೂ ಸಿಗುತ್ತದೆ ಅಂತ ಒಂದು ಸಂದಿಗೆ ಕರೆದುಕೊಂಡು ಹೋದ.

ತಗಡಿನ ಮಾಡು, ನಾಲ್ಕೈದು ಬೆಂಚು, ಮುಂದೆ ಗಾಜಿನ ಕಪಾಟು. ಮೇಲೆ ಕೆಂಪು ಅಕ್ಷರದಲ್ಲಿ ವಾರುಂಗ್ ಮುಸ್ಲಿಂ. ವಾರುಂಗ್ ಅಂದರೆ ಸಣ್ಣ ಹೋಟೆಲು. ಅತ್ತೆ ಬೋರ್ಡು ಓದಿ ನಿಂತರು. ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅತ್ತೆ ಏನೂ ಹೇಳಲಿಲ್ಲ ಅಂದರೆ ಬೇಡ ಅಂತ ಅರ್ಥ. ಡ್ರೈವರ್‌ಗೂ ಅದು ಗೊತ್ತಾಯಿತು ಅನ್ನಿಸುತ್ತದೆ. ಇಲ್ಲಿ ಹಂದಿ ಇಲ್ಲ ಅಂತ ತಿಳಿಸುವ ಬೋರ್ಡು ಇದು, ನಡೆಸುವವರು ಜಾವಾದಿಂದ ಬಂದವರು, ಜಾವಾದವರ ಊಟದಲ್ಲಿ ಸೊಪ್ಪು, ತಾಹು, ತೆಂಪೆ ಜಾಸ್ತಿ ಅಂತ ವಿವರಿಸಿದ. ತಾಹು ಅಂದರೆ ತೋಫು. ತೆಂಪೆ ಸೋಯಾಕಾಳಿನದ್ದು. ಬಿಸಿಲು ಜೋರಾಗಿತ್ತು. ಅತ್ತೆ ಒಳಗೆ ಬಂದರು, ಆದರೆ ಕೂರಲಿಲ್ಲ. ಸೀದಾ ಒಲೆಯ ಹತ್ತಿರ ಹೋಗಿ ಬಾಣಲೆಯೊಳಗೆ ಇಣುಕಿದರು.

ಅದರ ಎಣ್ಣೆಯಲ್ಲಿ ಮೀನು ಬೇಯುತ್ತಿತ್ತು.

"ಕೇಳೇ, ಸೊಪ್ಪು ತರಕಾರಿಗೂ ಇದೇ ಎಣ್ಣೆನಾ ಅಂತ ಕೇಳು."

ಹೋಟೆಲಿನಾಕೆಗೆ ಐವತ್ತೈದು ಅರವತ್ತು ವಯಸ್ಸಿರಬಹುದು. ತಲೆಗೆ ಕಂದು ಬಣ್ಣದ ವಸ್ತ್ರ, ಸೊಂಟಕ್ಕೆ ಏಪ್ರನ್ನು. ಎಲ್ಲರೂ ಇಬು, ಅಂದರೆ ಅಮ್ಮ, ಅಂತ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಕಾಲೇಜಿಗೆ ಹೋಗುವ ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ನಾಚಿಕೆಯಿಂದಲೇ ಕೇಳಿದೆ. ಊಟಕ್ಕೆ ಬಂದವರು ಬಾಣಲೆಯ ವಿಚಾರಣೆ ಮಾಡಿದರೆ ನಮ್ಮೂರಲ್ಲಾದರೆ "ಬೇಕಾದ್ರೆ ತಿನ್ನಿ, ಇಲ್ಲಾಂದ್ರೆ ಮುಂದಕ್ಕೆ ಹೋಗಿ" ಅಂದಾರು. ಇಬು ಮಗಳ ಮಾತು ಕೇಳಿಸಿಕೊಂಡು, ಅತ್ತೆಯನ್ನು ಒಂದು ಸಲ ನೋಡಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಸಣ್ಣ ಬಾಣಲೆ ತೆಗೆದರು. ತೊಳೆದರು. ಒಳಭಾಗವನ್ನು ಅತ್ತೆಯ ಕಡೆಗೆ ಓರೆ ಮಾಡಿ ತೋರಿಸಿದರು. ಅತ್ತೆ ತಲೆಯಾಡಿಸಿದ ಮೇಲೇ ಹೊಸ ಪಾಕೀಟು ಕತ್ತರಿಸಿ ಎಣ್ಣೆ ಸುರಿದರು.

ಮುಂದಿನದು ಸಂಬಲ್, ಅಂದರೆ ಅವರ ಮೆಣಸಿನಕಾಯಿ ಚಟ್ನಿ. ಆ ಮನೆಯವರು ಜಾವಾದ ಪೂರ್ವ ತುದಿಯ ಬನ್ಯುವಾಂಗಿಯವರು. ಅಲ್ಲಿಯ ನಾಸಿ ತೆಂಪೊಂಗ್ ಅನ್ನುವ ಊಟಕ್ಕೆ ಹೆಸರು ಬಂದಿರುವುದೇ ಖಾರದಿಂದ. ಅನ್ನ, ಬೇಯಿಸಿದ ಸೊಪ್ಪು, ಕರಿದ ತೆಂಪೆ ತಾಹು, ಒಣಮೀನು, ಮೇಲೆ ಹಸಿ ಸಂಬಲ್. ಆ ಸಂಬಲ್‌ಗೆ ತೆರಾಸಿ ಬೇಕೇ ಬೇಕು, ಅದು ಸಿಗಡಿಯನ್ನು ಹುಳಿ ಬರಿಸಿ ಮಾಡಿದ ಗಟ್ಟಿ ಮುದ್ದೆ. ಬಾಲಿಯಲ್ಲಾಗಲಿ ಜಾವಾದಲ್ಲಾಗಲಿ ಸಸ್ಯಾಹಾರಿಗಳು ಎಡವುವುದು ಇಲ್ಲೇ. ಮಾಂಸ ಬೇಡ ಅಂದರೆ ಮಾಂಸ ಹಾಕುವುದಿಲ್ಲ, ತೆರಾಸಿಯನ್ನು ಯಾರೂ ಮಾಂಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. "ತನ್ಪಾ ತೆರಾಸಿ", ತೆರಾಸಿ ಇಲ್ಲದೆ, ಅಂತ ಬಾಯಿಬಿಟ್ಟು ಹೇಳಬೇಕು. ಅತ್ತೆಗೆ ಹೇಳುವ ಕಷ್ಟ ಬರಲಿಲ್ಲ. ವಾಸನೆಗೇ ಮೂಗಿಗೆ ಸೆರಗು ಹೋಗಿತ್ತು.

ಇಬು ಜೋರಾಗಿ ನಕ್ಕರು. ಎದುರಿಗಿದ್ದ ಅರೆಯುವ ಕಲ್ಲನ್ನು ಪಕ್ಕಕ್ಕೆ ಸರಿಸಿ ಮಗಳಿಗೆ ಏನೋ ಹೇಳಿದರು. ಆ ಹುಡುಗಿ ಹಿಂದಿನ ಮನೆಗೆ ಓಡಿಹೋಗಿ ಇನ್ನೊಂದು ಕಲ್ಲು ಎತ್ತಿಕೊಂಡು ಬಂದಳು. ಈ ಕಲ್ಲಿಗೆ ತೆರಾಸಿ ಹಿಡಿದಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಅದು ಕಡಲೆಕಾಯಿ ಅರೆಯುವ ಕಲ್ಲು ಅಂತ ಅಮ್ಮ ಹೇಳುತ್ತಿದ್ದಾರೆ ಅಂದಳು. ಇಷ್ಟನ್ನು ನಾವು ಕೇಳಿರಲೇ ಇಲ್ಲ. ಅತ್ತೆಯ ಸೆರಗು ಕೆಳಗಿಳಿಯಿತು. ಒಂದು ಗಿಡ್ಡ ಸ್ಟೂಲು ಎಳೆದುಕೊಂಡು ಇಬುವಿನ ಎದುರಿಗೇ ಕೂತುಬಿಟ್ಟರು.

ಆ ಕಲ್ಲಿನಲ್ಲಿ ನಮ್ಮ ಕುಟ್ಟಾಣಿಯ ಹಾಗೆ ಗುಂಡಿ ಇರುವುದಿಲ್ಲ. ಅಗಲ, ಬಹಳ ಕಡಿಮೆ ಆಳ, ಒರಟು ಕಪ್ಪು. ಗುಂಡಿನ ಹಿಡಿಕೆ ಒಂದು ಕಡೆಗೆ ಬಾಗಿದೆ. ಕುಟ್ಟುವ ಮಾತೇ ಇಲ್ಲ, ಮಣಿಕಟ್ಟು ಆಡಿಸುತ್ತ ಎಳೆದು ಎಳೆದು ಅರೆಯುತ್ತಾರೆ. ಮೊದಲು ಉಪ್ಪು, ಅದರ ಮೇಲೆ ಸೂಜಿಮೆಣಸಿನಕಾಯಿ ಒಂದು ಹಿಡಿ, ಆಮೇಲೆ ಟೊಮೆಟೊ, ಚಿಟಿಕೆ ತಾಳೆಬೆಲ್ಲ. ನುಣ್ಣಗೆ ಮಾಡುವುದಿಲ್ಲ, ಬೀಜ ಕಾಣುತ್ತಿರಬೇಕು. ಕೊನೆಗೆ ಒಂದು ಪುಟ್ಟ ನಿಂಬೆ ಹಿಂಡಿದಾಗ ಇಡೀ ಜಾಗ ಘಮ್ಮಂದಿತು. "ಮಿಕ್ಸಿಗೆ ಹಾಕಿದ್ರೆ ಕೆಟ್ಟುಹೋಗ್ತಿತ್ತು" ಅಂದರು ಅತ್ತೆ ಕನ್ನಡದಲ್ಲೇ. ಇಬು ಅವರ ಭಾಷೆಯಲ್ಲಿ ಏನೋ ಹೇಳಿದರು. ನಾನೂ ಆ ಹುಡುಗಿಯೂ ಅನುವಾದಕ್ಕೆ ಬಾಯಿ ತೆರೆದೆವು, ಅಷ್ಟರಲ್ಲಿ ಅವರಿಬ್ಬರೂ ಮುಂದಿನ ಮಾತಿಗೆ ಹೋಗಿದ್ದರು.

ಮೆಕ್ಕೆಜೋಳದ ವಡೆ ಬಡಿಸಲು ಹೋಗಿ ಇಬು ತಾವೇ ಕೈ ಹಿಂದಕ್ಕೆ ತಗೊಂಡರು, ಅದರಲ್ಲಿ ಮೊಟ್ಟೆ ಇದೆಯಂತೆ. ಅದರ ಬದಲು ಎರಡು ತುಂಡು ತೆಂಪೆ ಜಾಸ್ತಿ ಬಂತು. ಅಂಚು ಗರಿಗರಿ, ನಡುವೆ ಕಾಳು ಕಾಳು. ಸೋಯಾಕಾಳಿಗೆ ಬೂಷ್ಟು ಹಿಡಿಸಿಯೇ ಅದನ್ನು ಹಲಗೆಯ ಹಾಗೆ ಗಟ್ಟಿ ಮಾಡುತ್ತಾರೆ ಅನ್ನುವ ವಿಷಯ ನನಗೆ ಗೊತ್ತಿತ್ತು. ಉಪ್ಪಿನಕಾಯಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಜಾಡಿಗೆ ಜಾಡಿಯನ್ನೇ ಚೆಲ್ಲುವವರಿಗೆ ಅದನ್ನು ಯಾಕೆ ಹೇಳಲಿ? ಸುಮ್ನಿದ್ದೆ. ಅತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ನನ್ನ ಗಂಡ ಸಂಬಲ್ ತಿಂದು ಬೆವರಿ, ಒಣಮೀನನ್ನೂ ಬಿಟ್ಟು ಬರೀ ಅನ್ನ ನುಂಗುತ್ತಿದ್ದರು. ಅತ್ತೆಗೆ ಹಿಡಿಸದ್ದು ಐಸ್ ಟೀ ಒಂದೇ. ಮಲ್ಲಿಗೆ ವಾಸನೆ, ಮೇಲೆ ಸಿಕ್ಕಾಪಟ್ಟೆ ಸಕ್ಕರೆ. ಮುಡಿಯೋ ಹೂವನ್ನ ಯಾರಾದ್ರೂ ಕುಡೀತಾರಾ ಅಂದರು.

ಗಿರಾಕಿಗಳು ಕಮ್ಮಿಯಾದ ಮೇಲೆ ಇಬು ಬಂದು ಪಕ್ಕದಲ್ಲಿ ಕೂತರು. ಬಾಲಿಯಲ್ಲಿ ಹಬ್ಬ ಹೇಗೆ ಅಂತ ಮಾತು ಬಂತು. ನ್ಯೆಪಿ ದಿನ ಇಡೀ ದ್ವೀಪ ಬಂದ್. ವಿಮಾನ ಇಲ್ಲ, ಬನ್ಯುವಾಂಗಿ ಕಡೆಯ ಫೆರ್ರಿ ಇಲ್ಲ, ರಸ್ತೆಗೆ ಕಾಲಿಡುವ ಹಾಗಿಲ್ಲ, ರಾತ್ರಿ ದೀಪ ಹಾಕುವ ಹಾಗಿಲ್ಲ. ನಾವು ಮುಸ್ಲಿಮರೂ ಕಿಟಕಿಗೆ ದಪ್ಪ ಪರದೆ ಹಾಕಿ ಒಳಗೇ ಇರುತ್ತೇವೆ, 2023ರಲ್ಲಂತೂ ಮಾರನೇ ದಿನವೇ ನಮ್ಮ ರಂಜಾನ್ ಉಪವಾಸ ಶುರು, ಆ ರಾತ್ರಿಯ ನಮಾಜು ಕತ್ತಲಲ್ಲೇ ಮಾಡಿದೆವು ಅಂದರು. ನ್ಯೆಪಿ ಅಂದರೆ ಶಕ ವರ್ಷದ ಮೊದಲ ದಿನ ಅಂತ ಹುಡುಗಿ ಸೇರಿಸಿದಳು. ಅತ್ತೆ ಕಣ್ಣರಳಿಸಿದರು. ಫೋನಿನಲ್ಲಿ ನೋಡಿದೆ. 2023ರಲ್ಲಿ ನ್ಯೆಪಿ ಬಂದದ್ದು ಮಾರ್ಚ್ 22ಕ್ಕೆ. ನಮ್ಮ ಯುಗಾದಿಯೂ ಅದೇ ದಿನ, ಶಕ 1945 ಅವರಿಗೂ ನಮಗೂ ಒಂದೇ. ಎಲ್ಲ ವರ್ಷವೂ ಹೀಗೆ ಕೂಡಿಬರುವುದಿಲ್ಲ, ನಮಗೆ ಅಧಿಕ ಮಾಸ ಬಂದರೆ ಅದರ ಮುಂದಿನ ವರ್ಷ ತಿಂಗಳೇ ಹೆಚ್ಚುಕಮ್ಮಿ ಆಗುವುದುಂಟು. "ನಾವು ಹೋಳಿಗೆ ತಟ್ಟುವಾಗ ಇವರು ಕತ್ತಲಲ್ಲಿ ಕೂತಿದ್ದರಾ!" ಅಂತ ಅತ್ತೆಗೆ ಅದೇ ಆಶ್ಚರ್ಯ.

ಬಾಲಿಯ ಇನ್ನೊಂದು ದೊಡ್ಡ ಹಬ್ಬ ಗಲುಂಗಾನ್, 210 ದಿನಕ್ಕೊಮ್ಮೆ ಬರುತ್ತದೆ. ಆಗ ಪಕ್ಕದ ಹಿಂದೂ ಮನೆಯಿಂದ ಇಬುವಿಗೆ ತಿಂಡಿ ಬರುತ್ತದಂತೆ, ಈದ್‌ಗೆ ಇವರು ಕಳಿಸುತ್ತಾರಂತೆ. ನ್ಗೆಜೊತ್ ಅನ್ನುವ ಹಳೇ ವಾಡಿಕೆ ಅದು. ಅತ್ತೆ ತಕ್ಷಣ ಕೇಳಿದರು, "ಅವರ ಮನೇಲಿ ಹಂದಿ ಬೇಯಿಸ್ತಾರಲ್ಲ, ಅದೇ ಪಾತ್ರೇಲಿ ಮಾಡಿದ್ದನ್ನ ನೀವು ತಿಂತೀರಾ?" ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಬು ಮಾತ್ರ ತೊಡೆ ತಟ್ಟಿಕೊಂಡು ಉತ್ತರ ಕೊಟ್ಟರು. ಅವರು ನಮಗೆ ಹಣ್ಣು, ಅಕ್ಕಿಯ ಸಿಹಿ ಮಾತ್ರ ಕಳಿಸುತ್ತಾರೆ. ಒಂದು ಸಲ ಆ ಮನೆಯ ಹೊಸ ಸೊಸೆ ಕೋಳಿ ಕಳಿಸಿದಳು. ಅವಳ ಅತ್ತೆ ಹಿಂದೆಯೇ ಓಡಿಬಂದು, ಬಾಣಲೆ ಬೇರೆ ಅಲ್ಲ, ತಿನ್ನಬೇಡಿ ಅಂತ ವಾಪಸ್ ತಗೊಂಡು ಹೋದರು.

"ನೋಡಿದ್ಯಾ" ಅಂತ ಅತ್ತೆ ನನ್ನ ಕಡೆ ತಿರುಗಿದರು. "ಅತ್ತೆ ಅಂದ್ರೆ ಹಾಗಿರಬೇಕು."

ಮೂವರ ಊಟ ಮತ್ತು ಟೀ ಸೇರಿ ತೊಂಬತ್ತು ಸಾವಿರ ರುಪಿಯಾ, ಅಂದರೆ ನಮ್ಮ ಐನೂರಕ್ಕಿಂತ ಕಮ್ಮಿ. ಚಿಲ್ಲರೆಯನ್ನು ಗಂಡ ಎರಡೆರಡು ಸಲ ಎಣಿಸಿದರು, ಕೂಟಾದ ಪೆಟ್ಟು. ಅತ್ತೆ ಉಳಿದಿದ್ದ ಚಟ್ನಿಪುಡಿಯನ್ನು ಪೊಟ್ಟಣ ಸಮೇತ ಇಬುವಿಗೆ ಕೊಟ್ಟು, ಇದರಲ್ಲಿ ಏನೇನಿದೆ ಅಂತ ಒಂದೊಂದಾಗಿ ಹೇಳಿಸಿದರು.

ಮುಂದೆ ಉಬುದ್‌ನಲ್ಲಿ ಬರೀ ಸಸ್ಯಾಹಾರದ, ಗದ್ದೆ ಕಾಣುವ ಕೆಫೆಯೊಂದಕ್ಕೆ ಹೋದೆವು. ನಾಲ್ಕು ಪಟ್ಟು ದುಡ್ಡು. ತೆಂಗಿನ ಚಿಪ್ಪಿನಲ್ಲಿ ತಣ್ಣಗಿನ ಹಣ್ಣಿನ ಗಂಜಿ, ಮೇಲೆ ಹೂವು. ಅತ್ತೆ ಸಂಬಲ್ ಕೇಳಿದರು. ಬಾಟಲಿ ತಂದಿಟ್ಟರು. ಅತ್ತೆ ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದರು. "ತೆರಾಸಿ ಇದೆಯಾ ನೋಡು."

ಇತ್ತು.